ಉಸಿರಾಟದ ತೊಂದರೆ ಇರುವ ಬಾತುಕೋಳಿಗೆ ಏನು ಹಾಸಬೇಕು: ಹುಲ್ಲೋ, ಮರದ ಪುಡಿಯೋ, ಟವೆಲ್ಲೋ?

ಬಾತು ಬಾಯಿ ತೆರೆದು ಉಸಿರಾಡುತ್ತಾ, ಪ್ರತಿ ಉಸಿರಿಗೂ ಬಾಲ ಆಡಿಸುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಮೊದಲು ಪಶುವೈದ್ಯರ ಹತ್ತಿರ ಹೋಗಿ. ಹಾಸೋದರ ಮಾತು ಆಮೇಲೆ.

ಭತ್ತದ ಹುಲ್ಲು ಬೆಚ್ಚಗಿರುತ್ತದೆ, ಅಗ್ಗ ಕೂಡ. ಆದರೆ ಬಾತು ಇರುವ ಕಡೆ ನೀರು ಚೆಲ್ಲದೆ ಇರುತ್ತಾ? ಒದ್ದೆ ಹುಲ್ಲಿಗೆ ಬೇಗ ಬೂಷ್ಟು ಹಿಡಿಯುತ್ತದೆ, ಅದರಲ್ಲಿ ಬೆಳೆಯೋ ಆಸ್ಪರ್‌ಜಿಲಸ್ ಅನ್ನೋ ಶಿಲೀಂಧ್ರದ ಕಣ ಶ್ವಾಸಕೋಶಕ್ಕೂ ಗಾಳಿಚೀಲಕ್ಕೂ (ಹಕ್ಕಿಗಳ ಶ್ವಾಸಕೋಶಕ್ಕೆ ಸೇರಿಕೊಂಡಿರೋ ಗಾಳಿ ತುಂಬುವ ಚೀಲ) ಹೊಕ್ಕರೆ ವಾಸಿ ಮಾಡೋದು ತುಂಬ ಕಷ್ಟ. ಕೆಲವೊಮ್ಮೆ ಕಾಯಿಲೆಯ ಮೂಲವೇ ಅದು.

ಮರದ ಪುಡಿ ನೀರು ಹೀರುತ್ತದೆ, ನಿಜ. ಆದರೆ ದೂಳು ಜಾಸ್ತಿ. ಮೊದಲೇ ಏದುಸಿರು ಬಿಡುತ್ತಿರೋ ಹಕ್ಕಿಗೆ ಬೇಡವೇ ಬೇಡ.

ನನ್ನ ಓಟು ಹಳೇ ಟವೆಲ್‌ಗೆ. ದೂಳಿಲ್ಲ, ಹಿಕ್ಕೆಯ ಬಣ್ಣ ಬದಲಾದರೂ ತಕ್ಷಣ ಕಾಣುತ್ತದೆ (ವೈದ್ಯರು ಕೇಳೇ ಕೇಳುತ್ತಾರೆ). ಒಗೆಯೋ ಕೆಲಸ ಮಾತ್ರ ತಪ್ಪಿದ್ದಲ್ಲ, ದಿನಕ್ಕೆ ಎರಡು ಮೂರು ಸಲ ಬದಲಿಸದಿದ್ದರೆ ಹಿಕ್ಕೆಯಿಂದ ಅಮೋನಿಯಾ ಎದ್ದು ಉಸಿರಿನ ದಾರಿಯನ್ನು ಇನ್ನಷ್ಟು ಕೆಡಿಸುತ್ತದೆ. ಘಮಘಮ ಸೋಪು ಬೇಡ. ನೂಲು ಬಿಟ್ಟ ಟವೆಲ್ಲೂ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಯಾವುದನ್ನೇ ಹಾಸಿದರೂ ನೀರಿನ ಪಾತ್ರೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಇರಲಿ, ಮೂಗು ತೊಳೆದುಕೊಳ್ಳೋಕೆ ಅದು ಬೇಕೇ ಬೇಕು.