ಬಿಳಿ ಕಾಂಡಕೊರಕದ ಮೋಹಕ ಬಲೆ: ಎರಡು ಹಾರಾಟ ಕಂಡ ಮೇಲಿನ ಅಭಿಪ್ರಾಯ

ಮಾದಾಪುರದ ಬಳಿಯಿರುವ ನಮ್ಮ ಮೂರು ಎಕರೆ ಅರೇಬಿಕಾ ಕಾಫಿ ತೋಟದಲ್ಲಿ ಕಳೆದ ಅಕ್ಟೋಬರ್ ಮೊದಲ ವಾರ ಕೀಟವನ್ನು ವಾಸನೆಯಿಂದ ಸೆಳೆದು ಹಿಡಿಯುವ 30 ಮೋಹಕ ಬಲೆಗಳನ್ನು ಕಟ್ಟಿಸಿದೆ. ಹೆಕ್ಟೇರಿಗೆ 25, ಅಂದರೆ ಎಕರೆಗೆ 10 ಬಲೆ ಎಂಬುದು ಕಾಫಿ ಮಂಡಳಿಯ ಶಿಫಾರಸು. ಬಿಳಿ ಕಾಂಡಕೊರಕವೆಂದರೆ ಕಾಫಿ ಗಿಡದ ಕಾಂಡವನ್ನು ಒಳಗಿಂದ ಕೊರೆಯುವ ಹುಳು; ಅದು ಬೆಳೆದು ಆಗುವ ದುಂಬಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಮ್ಮೆ, ಏಪ್ರಿಲ್–ಮೇ ತಿಂಗಳಲ್ಲಿ ಮತ್ತೊಮ್ಮೆ ಹಾರುವುದರಿಂದ ಎರಡೂ ಹಾರಾಟ ಮುಗಿದ ಮೇಲೆಯೇ ಬರೆಯುತ್ತಿದ್ದೇನೆ.

ಬಲೆಯ ರಚನೆ ಸರಳ: ಒಂದಕ್ಕೊಂದು ಅಡ್ಡವಾಗಿ ಸಿಕ್ಕಿಸಿದ ಎರಡು ಪ್ಲಾಸ್ಟಿಕ್ ಹಾಳೆ, ನಡುವೆ ವಾಸನೆಯ ಪೊಟ್ಟಣ, ಕೆಳಗೆ ನೀರಿನ ತಟ್ಟೆ. ಹಾರಿ ಬಂದ ದುಂಬಿ ಹಾಳೆಗೆ ಬಡಿದು ನೀರಿಗೆ ಬೀಳುತ್ತದೆ. ಬೇರೆ ಬೆಳೆಗಳ ಪತಂಗದ ಬಲೆಗಳಲ್ಲಿ ಸಾಮಾನ್ಯವಾಗಿ ಹೆಣ್ಣಿನ ವಾಸನೆಗೆ ಗಂಡು ಬರುತ್ತದೆ. ಇಲ್ಲಿ ಗಂಡು ಸೂಸುವ ವಾಸನೆಗೆ ಹೆಣ್ಣು ಬರುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದು ಈ ಹೆಣ್ಣೇ ಆದ್ದರಿಂದ, ಬಿದ್ದ ಒಂದೊಂದು ದುಂಬಿಯೂ ಲಾಭವೇ.

ಆದರೂ ಕಾಂಡಕೊರಕದ ಕಾಟ ಇದರಿಂದಲೇ ತೀರುತ್ತದೆಂದು ಯಾರೂ ಭಾವಿಸಬಾರದು. ನನಗೆ ಇದರ ನಿಜವಾದ ಉಪಯೋಗ ತಿಳಿದದ್ದು ನವೆಂಬರ್‌ನಲ್ಲಿ. ಸಿಲ್ವರ್ ಓಕ್ ಕಡಿಸಿ ನೆರಳು ತೆಳುವಾಗಿದ್ದ ರಸ್ತೆಬದಿಯ ಸಾಲುಗಳ ತಟ್ಟೆಗಳಲ್ಲಿ, ಮೈಮೇಲೆ ಬಿಳಿ ಪಟ್ಟೆಗಳಿರುವ ಕಪ್ಪು ದುಂಬಿಗಳು ವಾರ ವಾರವೂ ತೇಲುತ್ತಿದ್ದವು. ದಟ್ಟ ನೆರಳಿದ್ದ ಕೆಳಗಿನ ಇಳಿಜಾರಿನ ತಟ್ಟೆಗಳಲ್ಲಿ ಒಣಗಿದ ಎಲೆಯಷ್ಟೇ ಇತ್ತು. ಬಿಸಿಲು ಬೀಳುವ ಗಿಡಗಳನ್ನೇ ಈ ಕೀಟ ಹುಡುಕುತ್ತದೆಂದು ಕೇಳಿದ್ದೆ, ಆದರೆ ನಮ್ಮ ತೋಟದಲ್ಲಿ ಅಪಾಯ ಯಾವ ಸಾಲಿನಲ್ಲಿದೆ ಎಂಬುದನ್ನು ತೋರಿಸಿಕೊಟ್ಟದ್ದು ಈ ಬಲೆ. ಮಾರ್ಚ್‌ನ ಟ್ರೇಸಿಂಗನ್ನು, ಅಂದರೆ ಹುಳು ಹೊಕ್ಕ ಗಿಡಗಳನ್ನು ಹುಡುಕಿ ತೆಗೆಯುವ ಕೆಲಸವನ್ನು, ಅಲ್ಲಿಂದಲೇ ಶುರು ಮಾಡಿದೆವು. ಎಲೆ ಹಳದಿಯಾಗಿ, ಕಾಂಡದ ಮೇಲೆ ಏಣು ಎದ್ದಿದ್ದ ಗಿಡವೊಂದನ್ನು ಕತ್ತಿಯಿಂದ ಸೀಳಿದಾಗ ಒಳಗೆ ಹುಡಿ ಗಟ್ಟಿಯಾಗಿ ತುಂಬಿದ ಸುರಂಗ, ಅದರ ತುದಿಯಲ್ಲಿ ಅಗಲ ತಲೆಯ ಕೆನೆ ಬಣ್ಣದ ಹುಳು ಸಿಕ್ಕಿತು. ಹತ್ತು ವರ್ಷ ಸಾಕಿದ ಗಿಡವನ್ನು ಬೇರು ಸಮೇತ ಕಿತ್ತು ಸುಡುವಾಗ ಆಗುವ ಸಂಕಟ ಬೆಳೆಗಾರರಿಗೆ ಗೊತ್ತು.

ಕೊರತೆಗಳೂ ಇವೆ. ಅಂಗಡಿಯವರು ಮೊದಲು ಕೊಟ್ಟ ಕೆಲವು ಪೊಟ್ಟಣಗಳ ಮೇಲೆ ತಯಾರಿಕೆಯ ತಿಂಗಳೇ ಇರಲಿಲ್ಲ, ಆ ಬಲೆಗಳಿಗೆ ಒಂದು ದುಂಬಿಯೂ ಬೀಳಲಿಲ್ಲ. ಬದಲಿಸಿ ಕೊಟ್ಟರಾದರೂ ಹಾರಾಟದ ಎರಡು ವಾರ ಕಳೆದುಹೋಗಿತ್ತು. ತಟ್ಟೆ ಆಳವಿಲ್ಲದ್ದರಿಂದ ಜೋರು ಮಳೆಗೆ ನೀರು ಉಕ್ಕಿ ಸತ್ತ ದುಂಬಿಗಳೂ ಹೊರಗೆ ಹರಿಯುತ್ತವೆ. ವಾರಕ್ಕೊಮ್ಮೆ ಒಬ್ಬರು ಸುತ್ತಿ ಬರಲೇಬೇಕು.

ಮಾರ್ಚ್ ಮತ್ತು ಸೆಪ್ಟೆಂಬರ್‌ನ ಟ್ರೇಸಿಂಗ್, ತೆಂಗಿನ ನಾರಿನಿಂದ ತೊಗಟೆ ಉಜ್ಜುವುದು, 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಕದಡಿ ಕಾಂಡಕ್ಕೆ ಹೊಡೆಯುವುದು, ಇವನ್ನೆಲ್ಲ ಬಿಡದೆ ಮಾಡುವ ಅರೇಬಿಕಾ ಬೆಳೆಗಾರರು ಈ ಬಲೆಯನ್ನು ಧಾರಾಳವಾಗಿ ಕೊಳ್ಳಬಹುದು. ರೋಬಸ್ಟಾ ಕಾಫಿಗೆ ಈ ಕೀಟದ ಕಾಟ ಅಷ್ಟಾಗಿ ಇಲ್ಲದ್ದರಿಂದ, ಪೂರ್ತಿ ರೋಬಸ್ಟಾ ಹಾಕಿರುವವರಿಗೆ ಈ ಖರ್ಚು ಬೇಡ.