ಪೆಟ್ಟಿಗೆ ಕೊಂಡವನು ವರ್ತನೆಗೆ ಬಿದ್ದದ್ದು: ಆಪಲ್ ಜೊತೆ ಹತ್ತೊಂಬತ್ತು ವರ್ಷ

ಪ್ರತಿ ತಿಂಗಳು ಇಪ್ಪತ್ತೆಂಟನೇ ತಾರೀಕು ನನ್ನ ಖಾತೆಯಿಂದ 365 ರೂಪಾಯಿ ಹೋಗುತ್ತದೆ. ಆಪಲ್ ಒನ್ ಫ್ಯಾಮಿಲಿ ಪ್ಲಾನ್. ಹಾಡು, ಸರಣಿ, ಆಟ, ಜೊತೆಗೆ ಫೋಟೋ, ಕಡತ ಇಡಲು ಇಂಟರ್ನೆಟ್ಟಿನಲ್ಲಿ 200 ಜಿಬಿ ಐಕ್ಲೌಡ್ ಜಾಗ. ಹಾಲಿನವರಿಗೆ, ಪೇಪರಿನವರಿಗೆ ವರ್ತನೆ ಕೊಡುವ ಹಾಗೆ ಇದೂ ಒಂದು ವರ್ತನೆ, ಐದು ವರ್ಷದಿಂದ ನಡೆದಿದೆ. ಹಾಲನ್ನಾದರೂ ಊರಿಗೆ ಹೊರಟಾಗ ನಾಲ್ಕು ದಿನ ಬೇಡ ಅನ್ನಬಹುದು. ಇದನ್ನು ನಿಲ್ಲಿಸಬೇಕು ಅಂತ ಮೂರು ಸಲ ಕೂತು, ಮೂರು ಸಲವೂ ಎದ್ದು ಬಂದಿದ್ದೇನೆ.

ನಾನು ಈ ಕಂಪನಿಯ ಗಿರಾಕಿಯಾದದ್ದು ಪೆಟ್ಟಿಗೆಗಾಗಿ, ಅಂದರೆ ಅವರ ಕಂಪ್ಯೂಟರ್ ಮ್ಯಾಕ್‌ಗಾಗಿ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಪುಟ ಕಟ್ಟುವವರಿಗೆ ಮ್ಯಾಕ್ ಅಂದರೆ ಆಗ ಒಂದು ಆಸೆ. 2006ರ ಕೊನೆಯಲ್ಲಿ ಸಾಲ ಮಾಡಿ ಬಿಳಿ ಮ್ಯಾಕ್‌ಬುಕ್ ತಂದೆ. ಡಬ್ಬಿಯ ಒಳಗಿನ ಕಾಗದಗಳ ಮೇಲೆ ಕಂಪನಿಯ ಹೆಸರು ಇನ್ನೂ 'ಆಪಲ್ ಕಂಪ್ಯೂಟರ್' ಎಂದೇ ಇತ್ತು. ಮೊದಲ ಕಂತುಗಳು ತೀರುವ ಮೊದಲೇ, 2007ರ ಜನವರಿ 9ರಂದು, ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದ ವೇದಿಕೆಯ ಮೇಲೇ ಹೆಸರಿನಿಂದ 'ಕಂಪ್ಯೂಟರ್' ತೆಗೆದುಹಾಕಿದರು. "ನೀನು ಸಾಲ ಮಾಡಿ ಕೊಂಡಿದ್ದನ್ನೇ ಅವರು ಬಿಟ್ಟುಬಿಟ್ಟರಲ್ಲೋ" ಅಂತ ಪ್ರೆಸ್ಸಿನಲ್ಲಿ ಒಂದು ವಾರ ನಗಾಡಿದರು.

ಆ ಬಿಳಿ ಮ್ಯಾಕ್‌ಬುಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೆಳಗಡೆ ಬ್ಯಾಟರಿಗೆ ಒಂದು ಗುಂಡನೆ ಚಿಲಕ. ಒಂದು ರೂಪಾಯಿ ನಾಣ್ಯ ತೂರಿಸಿ ತಿರುಗಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಅದರ ಹಿಂದೆ ಒಂದು ಲೋಹದ ಪಟ್ಟಿ, ಅದನ್ನು ಬಿಚ್ಚಿದರೆ ರ‍್ಯಾಮ್, ಪಕ್ಕದಲ್ಲೇ ಹಾರ್ಡ್ ಡಿಸ್ಕ್. ಎಸ್.ಪಿ. ರೋಡಿನಲ್ಲಿ ರ‍್ಯಾಮ್ ಕೊಂಡು ಬಂದು ಅಡುಗೆಮನೆಯ ಮೇಜಿನ ಮೇಲೆ ನಾನೇ ಕೂರಿಸಿದೆ. ಎರಡು ವರ್ಷ ಬಿಟ್ಟು ಡಿಸ್ಕನ್ನೂ ದೊಡ್ಡದು ಹಾಕಿಕೊಂಡೆ. ಸಿಡಿ ಡ್ರೈವ್ ಇತ್ತು. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು, ಸಿ. ಅಶ್ವತ್ಥ್, ಮನೆಯಲ್ಲಿದ್ದ ಸಿಡಿಗಳನ್ನೆಲ್ಲ ಒಂದೊಂದಾಗಿ ಆಪಲ್‌ನ ಹಾಡಿನ ಆಪ್ ಐಟ್ಯೂನ್ಸ್‌ಗೆ ನಕಲು ಮಾಡಿಕೊಂಡೆ. ರಾಗದ ಹೆಸರು, ರಚನೆ, ವರ್ಷ ಎಲ್ಲ ಕನ್ನಡದಲ್ಲೇ ಟೈಪ್ ಮಾಡಿದೆ. ಎಷ್ಟು ಭಾನುವಾರ ಹೋದವೋ. ಆದರೆ ಅವು ನನ್ನ ಹಾಡುಗಳು, ನನ್ನ ಡಿಸ್ಕಿನಲ್ಲಿ. ತಿಂಗಳಿಗೆ ಯಾರಿಗೂ ಏನೂ ಕೊಡಬೇಕಿರಲಿಲ್ಲ.

ಎರಡನೆಯದು 2012ರ ಮ್ಯಾಕ್‌ಬುಕ್ ಪ್ರೊ. ಆ ವರ್ಷ ಎರಡು ಬಗೆ ಬಂದಿದ್ದವು. ಹೊಸ ರೆಟಿನಾ ಮಾದರಿಯಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ, ಬ್ಯಾಟರಿಯನ್ನು ಅಂಟಿಸಿಬಿಟ್ಟಿದ್ದರು. ನಾನು ಹಳೇ ಬಗೆಯದನ್ನೇ ಹುಡುಕಿ ಕೊಂಡೆ. ಮೂರನೆಯದು 2021ರಲ್ಲಿ ತಗೊಂಡ ಎಂ1 ಮ್ಯಾಕ್‌ಬುಕ್ ಏರ್, 92,900 ರೂಪಾಯಿ, 256 ಜಿಬಿ. ಇದರಲ್ಲಿ ಬಿಚ್ಚಿ ಬದಲಾಯಿಸೋದಕ್ಕೆ ಏನೂ ಇಲ್ಲ. ಕೊಂಡ ದಿನ ಎಷ್ಟು ಜಾಗವೋ ಸಾಯೋ ದಿನವೂ ಅಷ್ಟೇ. ಯಂತ್ರವಾಗಿ ಅದ್ಭುತ, ಸುಳ್ಳು ಹೇಳಬಾರದು. ಫ್ಯಾನೇ ಇಲ್ಲ, ದಿನವಿಡೀ ಬ್ಯಾಟರಿ, ಇವತ್ತಿಗೂ ಹೊಸ ಮ್ಯಾಕ್ಓಎಸ್ ಸಿಗುತ್ತಿದೆ. ಬದಲಾಯಿಸುವ ಯೋಚನೆಯೇ ಬಂದಿಲ್ಲ.

ಕಂಪನಿಯ ಕಡೆಯಿಂದ ನೋಡಿ. ಹತ್ತೊಂಬತ್ತು ವರ್ಷದಲ್ಲಿ ಮೂರೇ ಕಂಪ್ಯೂಟರ್ ಕೊಂಡ ಗಿರಾಕಿಯಿಂದ ಏನು ಪ್ರಯೋಜನ? ಫೋನಿನಲ್ಲೂ ಇದೇ ಆಯಿತು. 2015ರ ಹಣಕಾಸು ವರ್ಷದಲ್ಲಿ 23.1 ಕೋಟಿ ಐಫೋನ್ ಮಾರಿದ್ದರು, ಮರುವರ್ಷ 21.2 ಕೋಟಿಗೆ ಇಳಿಯಿತು. 2001ರ ನಂತರ ಮೊದಲ ಬಾರಿಗೆ ಕಂಪನಿಯ ವಾರ್ಷಿಕ ಆದಾಯವೂ ಕುಸಿಯಿತು. ಫೋನುಗಳು ಚೆನ್ನಾಗಿದ್ದವು, ಜನ ಬೇಗ ಬದಲಾಯಿಸಲಿಲ್ಲ. 2017ರ ಆರಂಭದಲ್ಲಿ, ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್, ಸೇವೆಗಳ ಆದಾಯವನ್ನು 2020ಕ್ಕೆ ಎರಡು ಪಟ್ಟು ಮಾಡುತ್ತೇವೆ ಎಂದರು. 2016ರಲ್ಲಿ ಅದು 2,430 ಕೋಟಿ ಡಾಲರ್ ಇತ್ತು, 2020ರಲ್ಲಿ 5,380 ಕೋಟಿ ಆಯಿತು. ನಡುವೆ, 2018ರ ನವೆಂಬರಿನಲ್ಲಿ, ಎಷ್ಟು ಫೋನ್, ಎಷ್ಟು ಮ್ಯಾಕ್ ಮಾರಿದೆವು ಅಂತ ಲೆಕ್ಕ ಹೇಳುವುದನ್ನೇ ನಿಲ್ಲಿಸುತ್ತೇವೆ ಎಂದರು. ಅಂಗಡಿಯವನು ಮೂಟೆ ಎಣಿಸೋದು ಬಿಟ್ಟ ಅಂದರೆ ವ್ಯಾಪಾರ ಬೇರೆ ಕಡೆ ತಿರುಗಿದೆ ಅಂತಲೇ ಅಲ್ಲವೇ. 2019ರ ಮಾರ್ಚ್ 25ರ ಕಾರ್ಯಕ್ರಮದಲ್ಲಿ ಒಂದೇ ಒಂದು ಹೊಸ ಯಂತ್ರ ತೋರಿಸಲಿಲ್ಲ. ಟಿವಿ ಸರಣಿ, ಆಟ, ಪತ್ರಿಕೆ, ಕ್ರೆಡಿಟ್ ಕಾರ್ಡ್. ವೇದಿಕೆಗೆ ಸ್ಟೀವನ್ ಸ್ಪೀಲ್‌ಬರ್ಗ್, ಓಪ್ರಾ ವಿನ್‌ಫ್ರೇ ಬಂದರು. ರಾತ್ರಿ ಹತ್ತೂವರೆಗೆ ಹೊಸ ಮ್ಯಾಕ್ ಬರುತ್ತದೇನೋ ಅಂತ ಕಾದು ಕೂತವನು ನಾನು.

ಇನ್ನು ನಾನು ದುಡ್ಡು ಕೊಡುವ ಸೇವೆಗಳು, ಒಂದೊಂದಾಗಿ.

ಆಪಲ್ ಮ್ಯೂಸಿಕ್‌ಗೆ ನಾನು ಮೊದಲ ದಿನದಿಂದಲೇ ಚಂದಾದಾರ. ಇದಕ್ಕೂ ಮೊದಲು ಹಾಡನ್ನು ಬಿಡಿಬಿಡಿಯಾಗಿ ಮಾರುವ ಐಟ್ಯೂನ್ಸ್ ಸ್ಟೋರ್ ಇತ್ತಲ್ಲ, ಅಮೆರಿಕದಲ್ಲಿ 2003ರಲ್ಲಿ ಹಾಡಿಗೆ 99 ಸೆಂಟಿನಂತೆ ಶುರುವಾದದ್ದು, ಅದು ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. 2014ರಲ್ಲಿ 300 ಕೋಟಿ ಡಾಲರ್ ಕೊಟ್ಟು, ಹೆಡ್‌ಫೋನಿನ ಜೊತೆ ಚಂದಾ ಹಾಡಿನ ಸೇವೆಯೂ ಇದ್ದ ಬೀಟ್ಸ್ ಕಂಪನಿಯನ್ನು ಕೊಂಡರು, 2015ರ ಜೂನ್ 30ಕ್ಕೆ ಆಪಲ್ ಮ್ಯೂಸಿಕ್ ಬಂತು. ಆ ಸ್ಟೋರಿನಿಂದ ಹಾಡನ್ನು ಕೊಂಡು ಇಟ್ಟುಕೊಳ್ಳುವ ಭಾಗ್ಯ ನಮಗೆ ಸಿಕ್ಕಿ ಎರಡೂವರೆ ವರ್ಷ, ಅಷ್ಟರಲ್ಲೇ ಗಾಳಿ ತಿರುಗಿತು. ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರ್ ಇದ್ದಾಗ ಇಲ್ಲಿ 120 ರೂಪಾಯಿ, 2019ರಲ್ಲಿ 99ಕ್ಕೆ ಇಳಿಸಿದರು. ಒಂದು ಸಿಡಿಯ ಬೆಲೆಗೆ ಒಂದೆರಡು ತಿಂಗಳು ಲೋಕದ ಹಾಡೆಲ್ಲ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.

ಕನ್ನಡದ ಮಟ್ಟಿಗೆ ದಾಸ್ತಾನು ದೊಡ್ಡದಿದೆ, ಜೋಡಿಸಿದ್ದು ಮಾತ್ರ ಸಂತೆ. ಆಡಿಯೋ ಕಂಪನಿಗಳು ಹೆಸರು ಕೊಡುವುದೇ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಮನ್ಸೂರರನ್ನು ಒಂದು ಸಲ ಒಂದು 'ಯು' ಹಾಕಿ, ಇನ್ನೊಂದು ಸಲ ಎರಡು 'ಓ' ಹಾಕಿ ಹುಡುಕಬೇಕು. ರಚನೆಕಾರರ ಹೆಸರಂತೂ ದೇವರಿಗೇ ಪ್ರೀತಿ. ಇವತ್ತು ಇದ್ದ ಹಾಡು ನಾಳೆ ಬೂದು ಬಣ್ಣಕ್ಕೆ ತಿರುಗಿ ಕೂರುವುದೂ ಉಂಟು, ಹಕ್ಕು ಎಲ್ಲೋ ಕೈಬದಲಾಗಿರುತ್ತದೆ. 2021ರಲ್ಲಿ ಹೆಚ್ಚುವರಿ ದುಡ್ಡಿಲ್ಲದೆ ಲಾಸ್‌ಲೆಸ್, ಅಂದರೆ ಗುಣಮಟ್ಟ ಕಳೆಯದ ಧ್ವನಿ, ಕೊಟ್ಟರು, ಮೆಚ್ಚಬೇಕಾದ್ದೇ. ಆದರೆ ಬ್ಲೂಟೂತ್ ಇಯರ್‌ಫೋನಿನಲ್ಲಿ ಆ ಗುಣಮಟ್ಟ ಪೂರ್ತಿ ಹಾಯುವುದಿಲ್ಲ. ವೈರಿನ ಹೆಡ್‌ಫೋನ್ ಹಾಕಿ ತಂಬೂರಿಯ ಶ್ರುತಿ ಕೇಳಿ, ವ್ಯತ್ಯಾಸ ಗೊತ್ತಾಗುತ್ತದೆ.

ಈ ಸೇವೆ ನನ್ನನ್ನು ನಿಜವಾಗಿ ಉಳಿಸಿದ ದಿನವೂ ಒಂದಿದೆ. 2018ರಲ್ಲಿ ಹಳೇ ಮ್ಯಾಕ್‌ಬುಕ್ ಪ್ರೊ ಕೆಟ್ಟು, ಪರಿಚಯದವರೊಬ್ಬರು ಹೇಳಿದ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಡಿಸ್ಕ್ ಮುಟ್ಟಬೇಡಿ ಅಂತ ಎರಡು ಸಲ ಹೇಳಿದ್ದೆ. ಮೂರು ದಿನ ಬಿಟ್ಟು ಹೋದರೆ ಫಾರ್ಮ್ಯಾಟ್ ಮಾಡಿ, ಒರೆಸಿ, ಪಳಪಳ ಅಂತ ಕೊಟ್ಟರು. ಆ ಹೊತ್ತಿಗೆ ಬ್ಯಾಕಪ್ಪಿನ ಡಿಸ್ಕಿಗೆ ಇರುವೆ ಹತ್ತಿ ವರ್ಷವಾಗಿತ್ತು. ಅಷ್ಟು ಭಾನುವಾರಗಳ ಕೆಲಸ ಹೋಯಿತು ಅಂತ ಮನೆಗೆ ಬಂದು ಮಂಕಾಗಿ ಕೂತೆ. ಆಮೇಲೆ ನೆನಪಾಯಿತು, ಮ್ಯೂಸಿಕ್ ಚಂದಾ ಇದ್ದವರ ಸ್ವಂತ ಹಾಡುಗಳನ್ನೂ ಅದು ಐಕ್ಲೌಡಿಗೆ ಏರಿಸಿ ಇಟ್ಟುಕೊಳ್ಳುತ್ತದೆ. ಲಾಗಿನ್ ಆದೆ. ನಾನು ಕನ್ನಡದಲ್ಲಿ ಟೈಪ್ ಮಾಡಿದ್ದ ರಾಗದ ಹೆಸರುಗಳ ಸಮೇತ ಪಟ್ಟಿ ಇಳಿದು ಬಂತು. ಆವತ್ತು ಕಣ್ಣು ಒದ್ದೆಯಾದದ್ದು ನಿಜ. ಒಂದು ವಾರ ಬಿಟ್ಟು ಇನ್ನೊಂದು ಯೋಚನೆ ಬಂತು: ನನ್ನ ಸಾಮಾನು ಬಾಡಿಗೆ ಕೋಣೆಯಲ್ಲಿದೆ. ಚಂದಾ ನಿಂತರೆ ಮೇಲಿನ ಪ್ರತಿ ಸಿಗುವುದಿಲ್ಲ, ಆಪಲ್ ಮ್ಯೂಸಿಕ್‌ನಿಂದ ಇಳಿಸಿಕೊಂಡ ಹಾಡುಗಳಂತೂ ತಾವಾಗಿಯೇ ಬೀಗ ಹಾಕಿಕೊಳ್ಳುತ್ತವೆ. ಆಗಿನಿಂದ ಸ್ವಂತ ಹಾಡುಗಳನ್ನು ಎರಡು ಡಿಸ್ಕಿನಲ್ಲಿ ಇಟ್ಟಿದ್ದೇನೆ. ಇದನ್ನು ಓದುತ್ತಿರುವವರೂ ಇಡಿ.

ಟಿವಿ ಬಗ್ಗೆ. 2019ರ ನವೆಂಬರ್ 1ಕ್ಕೆ ಟಿವಿ ಪ್ಲಸ್ ಶುರುವಾದಾಗ ಇಲ್ಲಿ 99 ರೂಪಾಯಿ, ಹೊಸ ಯಂತ್ರ ಕೊಂಡವರಿಗೆ ಒಂದು ವರ್ಷ ಪುಕ್ಕಟೆ. 2021ರಲ್ಲಿ ಆ ಪುಕ್ಕಟೆ ಮೂರು ತಿಂಗಳಿಗೆ ಇಳಿಯಿತು. ಅಮೆರಿಕದಲ್ಲಿ 4.99 ಡಾಲರಿನಿಂದ ಮೆಟ್ಟಿಲು ಹತ್ತುತ್ತಾ 2025ರ ಆಗಸ್ಟಿನಲ್ಲಿ 12.99 ಮುಟ್ಟಿತು. ಸಂಖ್ಯೆ ಕಡಿಮೆ, ಕೆಲಸ ಅಚ್ಚುಕಟ್ಟು. 2022ರಲ್ಲಿ ಇವರ 'ಕೋಡಾ' ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು, ಸ್ಟ್ರೀಮಿಂಗ್ ಸಂಸ್ಥೆಯೊಂದಕ್ಕೆ ಅದು ಮೊದಲನೆಯದು. ಆದರೆ ನಮ್ಮಮ್ಮನಿಗೆ ನೋಡಲು ಏನಿದೆ? ಕನ್ನಡದ ಸ್ವಂತ ಸರಣಿ ಇವತ್ತಿನವರೆಗೆ ಒಂದೂ ಬಂದಿಲ್ಲ. ಟೀವಿಯಲ್ಲಿ ಆ ಆಪ್ ತೆರೆದರೆ ಅವರು ಎದ್ದು ಹೋಗಿ ಹೂ ಕಟ್ಟುತ್ತಾರೆ. ಹೆಸರಿನ ಗೊಂದಲ ಬೇರೆ. ಟೀವಿಗೆ ಸಿಕ್ಕಿಸುವ ಪೆಟ್ಟಿಗೆ ಆಪಲ್ ಟಿವಿ, ಆಪ್ ಆಪಲ್ ಟಿವಿ, 2025ರ ಅಕ್ಟೋಬರಿನಲ್ಲಿ 'ಪ್ಲಸ್' ಕಿತ್ತುಹಾಕಿದ ಮೇಲೆ ಸೇವೆಯೂ ಆಪಲ್ ಟಿವಿ. ಒಂದೇ ಮನೆಯಲ್ಲಿ ಮೂವರು ರಂಗಣ್ಣ.

ಆರ್ಕೇಡ್, ಅಂದರೆ ಆಟಗಳ ಸೇವೆ: ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ.

ಐಕ್ಲೌಡ್ ಅಂದರೆ ಸ್ಟ್ರೀಮಿಂಗ್ ಅಲ್ಲ, ಆದರೆ ಇಡೀ ಮಾಲೆಯ ದಾರ ಅದೇ. 2011ರಲ್ಲಿ ಪುಕ್ಕಟೆ 5 ಜಿಬಿ ಕೊಟ್ಟರು. ಆಗಿನ ಫೋನಿನ ಫೋಟೋ ಎಷ್ಟು ದೊಡ್ಡದಿತ್ತು, ಈಗಿನದು ಎಷ್ಟು. ಆ 5 ಜಿಬಿ ಇವತ್ತಿಗೂ 5 ಜಿಬಿಯೇ. ಕಂಪ್ಯೂಟರಿನ ಡಿಸ್ಕ್ ಬದಲಾಯಿಸಲಾಗದು, ಫೋನಿಗೆ ಮೆಮೊರಿ ಕಾರ್ಡ್ ಹಾಕಲಾಗದು, ಪುಕ್ಕಟೆ ಜಾಗ ಒಂದು ಮದುವೆಯ ವಿಡಿಯೋಗೂ ಸಾಲದು. ನಾಣ್ಯದಲ್ಲಿ ತೆರೆಯುತ್ತಿದ್ದ ಚಿಲಕ ಯಾಕೆ ಮಾಯವಾಯಿತು ಅನ್ನುವುದಕ್ಕೆ ತೆಳ್ಳಗಿನ ಯಂತ್ರ ಬೇಕಿತ್ತು ಅನ್ನುವ ಉತ್ತರ ಇದೆ, ಅದು ಸುಳ್ಳೂ ಅಲ್ಲ. ಆದರೆ ಆ ಚಿಲಕ ಹೋದ ಜಾಗದಲ್ಲಿ ಈಗ ತಿಂಗಳ ಬಿಲ್ಲಿದೆ ಅನ್ನುವುದೂ ಸುಳ್ಳಲ್ಲ. ಸೇವೆಯಾಗಿ ನೋಡಿದರೆ, ಐದು ವರ್ಷದಲ್ಲಿ ಒಂದು ಫೋಟೋವೂ ಕಳೆದಿಲ್ಲ.

ಕೂಡಿಸಿ ಕೊಂಡರೆ ಉಳಿತಾಯ ಇದೆಯೇ ಅಂದರೆ ಇದೆ. 2020ರಲ್ಲಿ ಆಪಲ್ ಒನ್ ಬಂದಾಗ ಫ್ಯಾಮಿಲಿ ಮ್ಯೂಸಿಕ್ 149, ಟಿವಿ 99, ಆರ್ಕೇಡ್ 99, 200 ಜಿಬಿ ಜಾಗ 219, ಒಟ್ಟು 566. ಅದೇ 365ಕ್ಕೆ. ಆರು ಜನ ಹಂಚಿಕೊಳ್ಳಬಹುದು. ಆರ್ಕೇಡ್ ತೆಗೆದರೂ ಲಾಭವೇ. ಐರ್ಲೆಂಡಿಗೆ ಓದಲು ಹೋದ ಮಗಳೂ ನಮ್ಮ ಪ್ಲಾನಿನಲ್ಲೇ ಇದ್ದಾಳೆ. ಅಕೌಂಟನ್ನು ಆ ದೇಶಕ್ಕೆ ಬದಲಾಯಿಸಿಕೊಂಡರೆ ಕುಟುಂಬದಿಂದ ಹೊರಗೆ, ಹಾಗಾಗಿ ಆಪಲ್ ಪಾಲಿಗೆ ಅವಳು ಇನ್ನೂ ಬಸವನಗುಡಿಯವಳು. ದುಡ್ಡು ಕಟ್ಟುವ ರೀತಿ ಒಂದು ಕಾಲಕ್ಕೆ ತಲೆನೋವಾಗಿತ್ತು. ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ದುಡ್ಡು ಕಡಿತವಾಗುವುದರ ಬಗ್ಗೆ 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ, 2022ರಲ್ಲಿ ಆಪಲ್ ಇಲ್ಲಿ ಕಾರ್ಡ್ ತೆಗೆದುಕೊಳ್ಳುವುದನ್ನೇ ಬಿಟ್ಟಿತು. ಯುಪಿಐ, ನೆಟ್ ಬ್ಯಾಂಕಿಂಗ್, ಇಲ್ಲವೇ ಮೊದಲೇ ದುಡ್ಡು ತುಂಬಿಟ್ಟುಕೊಳ್ಳುವುದು. ನಾನು ಒಂದು ಸಾವಿರ ತುಂಬಿ ಮರೆತುಬಿಡುತ್ತೇನೆ. ಮರೆಯುವುದೇ ಅವರಿಗೆ ಬೇಕಾದ್ದು ಅಂತ ಮಗಳು ಬೈಯುತ್ತಾಳೆ.

2025ರ ಹಣಕಾಸು ವರ್ಷದಲ್ಲಿ ಆಪಲ್‌ನ ಒಟ್ಟು ಆದಾಯ ಸುಮಾರು 41,600 ಕೋಟಿ ಡಾಲರ್. ಅದರಲ್ಲಿ ಸೇವೆಗಳದ್ದು 10,900 ಕೋಟಿ, ಮ್ಯಾಕ್‌ನದ್ದು 3,370 ಕೋಟಿ. ಯಂತ್ರಗಳಲ್ಲಿ ತಯಾರಿಕೆಯ ಖರ್ಚು ಕಳೆದು ನೂರಕ್ಕೆ ಸುಮಾರು 37 ಉಳಿದರೆ ಸೇವೆಯಲ್ಲಿ 75. ಇದೆಲ್ಲ ಹಾಡು, ಸರಣಿಯಿಂದ ಬಂತು ಅಂದುಕೊಳ್ಳಬೇಡಿ. ಆಪ್ ಸ್ಟೋರಿನ ಕಮಿಷನ್ ಇದೆ, ಆಪಲ್‌ನ ಬ್ರೌಸರ್ ಸಫಾರಿಯಲ್ಲಿ ತನ್ನ ಹುಡುಕಾಟವನ್ನೇ ಇಡಲು ಗೂಗಲ್ ಕೊಡುವ ದುಡ್ಡಿದೆ. 2022ರಲ್ಲಿ ಅದೊಂದೇ 2,000 ಕೋಟಿ ಡಾಲರ್ ಅಂತ ಅಮೆರಿಕದ ಕೋರ್ಟಿನಲ್ಲಿ ಹೊರಬಿತ್ತು. ಹಾಡು ಕೇಳಿಸುವ ನಮ್ಮ 365 ರೂಪಾಯಿ ಆ ಲೆಕ್ಕದಲ್ಲಿ ಪಾಯಸದ ಏಲಕ್ಕಿ. ಆದರೆ ಏಲಕ್ಕಿಯ ವಾಸನೆಗೇ ಅಲ್ಲವೇ ನಾವು ಪಂಕ್ತಿ ಬಿಟ್ಟು ಏಳದಿರುವುದು.

2025ರ ಸೆಪ್ಟೆಂಬರಿನಲ್ಲಿ ಹೆಬ್ಬಾಳದ ಕಡೆ ಮಾಲಿನಲ್ಲಿ ಅವರದೇ ಅಂಗಡಿ ತೆರೆಯಿತು. ಅಲ್ಲಿಂದ ಹೆಚ್ಚು ದೂರವಿಲ್ಲದ ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಐಫೋನ್ ಜೋಡಿಸುತ್ತಿದೆ. ಹೋಗಿ ನೋಡಿ ಬಂದೆ. ಉದ್ದನೆ ಮೇಜುಗಳ ಮೇಲೆ ಪೆಟ್ಟಿಗೆಗಳೇ ಪೆಟ್ಟಿಗೆಗಳು. ಹೊಸ ಮ್ಯಾಕ್‌ಬುಕ್ಕನ್ನು ತಿರುಗಿಸಿ ತಳ ನೋಡಿದೆ, ಹಳೇ ಚಾಳಿ. ನುಣ್ಣಗಿತ್ತು. ಅಲ್ಲಿದ್ದ ಹುಡುಗ "ಏನು ಹುಡುಕ್ತಿದ್ದೀರಾ ಸರ್" ಅಂದ. ಚಿಲಕ ಅಂತ ಹೇಳೋಕೆ ನಾಚಿಕೆಯಾಯಿತು.

ಮ್ಯಾಕ್‌ಗೆ ಐದಕ್ಕೆ ಐದು ಕೊಡುತ್ತೇನೆ. ಮ್ಯೂಸಿಕ್‌ಗೆ ನಾಲ್ಕು, ಟಿವಿಗೆ ಮೂರು, ಅದರಲ್ಲಿ ಕನ್ನಡಕ್ಕೆ ಸೊನ್ನೆ. ಐಕ್ಲೌಡಿಗೆ ಎಷ್ಟು ಅಂತ ಯೋಚಿಸುತ್ತಾ ಮೊನ್ನೆ ಇಪ್ಪತ್ತೇಳರ ರಾತ್ರಿ ಸೆಟ್ಟಿಂಗ್ಸ್ ತೆರೆದು, ಕ್ಯಾನ್ಸಲ್ ಗುಂಡಿಯವರೆಗೂ ಹೋಗಿ, ಮನೆಯಾಕೆಯನ್ನು ಕರೆದು ಕೇಳಿದೆ, ತೆಗೆದುಬಿಡಲಾ ಅಂತ. ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಅಪ್ಪನ ಫೋಟೋಗಳೆಲ್ಲ ಅದರಲ್ಲೇ ಇರೋದಲ್ವಾ?" ಅಂದಳು. ಮುಚ್ಚಿಟ್ಟೆ. ಬೆಳಿಗ್ಗೆ 365 ಹೋಗಿತ್ತು.