ಪೆರಿಕೊ, ಇಂದುರಾಯಿನ್: ಮೊದಲು ಯಾರನ್ನು ನೋಡಬೇಕು?

ಸ್ಪೇನಿನ ಸೈಕ್ಲಿಂಗ್ ಇತಿಹಾಸವನ್ನು ಈಗಷ್ಟೇ ನೋಡತೊಡಗಿದವರ ಎದುರು ಈ ಎರಡು ಹೆಸರುಗಳು ಬಂದೇ ಬರುತ್ತವೆ.

ಸಾಧನೆಯೇ ಅಳತೆಗೋಲಾದರೆ ಮಿಗೆಲ್ ಇಂದುರಾಯಿನ್. 1991ರಿಂದ 1995ರವರೆಗೆ, ಸುಮಾರು ಮೂರು ವಾರಗಳ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನಲ್ಲಿ ಸತತ ಐದು ಗೆಲುವು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ. ಮಾತು ಕಡಿಮೆ, ದೇಶ ಅವರಿಗೆ ಕೊಟ್ಟದ್ದು ಗೌರವ.

ಪೆದ್ರೊ ದೆಲ್ಗಾದೊ ಗೆದ್ದದ್ದು ಒಂದೇ ಟೂರ್, 1988ರಲ್ಲಿ. ಆದರೂ ಸೆಗೋವಿಯಾದ ಈ ಸವಾರನನ್ನು ಸ್ಪೇನ್ ಇಂದಿಗೂ ಮನೆಮಗನಂತೆ ‘ಪೆರಿಕೊ’ ಎಂದೇ ಕರೆಯುತ್ತದೆ. ಮರುವರ್ಷದ ಟೂರ್ ಶುರುವಾದ ಲಕ್ಸೆಂಬರ್ಗ್‌ನಲ್ಲಿ, ಮೊದಲ ದಿನವೇ, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಹಂತದಲ್ಲಿ, ಹಾಲಿ ಚಾಂಪಿಯನ್ ಹೊರಟದ್ದು 2 ನಿಮಿಷ 40 ಸೆಕೆಂಡು ತಡವಾಗಿ. ಅವರು ಬರುವ ಮೊದಲೇ ಗಡಿಯಾರ ಓಡತೊಡಗಿತ್ತು. ಪಟ್ಟಿಯ ತಳಕ್ಕೆ ಕುಸಿದವರು ಬೆಟ್ಟಗಳನ್ನು ಹತ್ತಿ ಹತ್ತಿ ಮೂರನೆಯ ಸ್ಥಾನಕ್ಕೆ ಬಂದರು! ಆ ಎಡವಟ್ಟೇ ಅವರನ್ನು ಜನರಿಗೆ ಇನ್ನಷ್ಟು ಹತ್ತಿರ ತಂದಿತೆಂಬುದು ನನ್ನ ನಂಬಿಕೆ. ಆಮೇಲೆ ಸ್ಪೇನಿನ ಸರ್ಕಾರಿ ಟಿವಿಯ ವೀಕ್ಷಕ ವಿವರಣೆಯಲ್ಲಿ ಅವರ ದನಿ ಮನೆಮನೆ ತಲುಪಿತು.

ನನ್ನನ್ನು ಕೇಳಿದರೆ 1989ರ ಟೂರ್‌ನಿಂದಲೇ ಆರಂಭಿಸಿ. ಅಲ್ಲಿ ಪೆರಿಕೊಗೆ ನೆರವಾಗಿ ಪೆಡಲ್ ತುಳಿಯುವ ಎತ್ತರದ ತರುಣ ಇದೇ ಇಂದುರಾಯಿನ್.